ಬೆಟ್ಟದ ದಾರಿಯ ಬುತ್ತಿ

ದೂರದ ದಾರಿಗೆ ಹೊರಡುವವರು ಬುತ್ತಿ ಕಟ್ಟಿಕೊಂಡು ಹೊರಡಬೇಕೆಂಬುದು ನಮ್ಮ ನಾಡಿನ ಹಳೆಯ ತಿಳಿವಳಿಕೆ. ಸಂಸ್ಕೃತದಲ್ಲಿ ಇದಕ್ಕೆ ಪಾಥೇಯವೆಂಬ ಸೊಗಸಾದ ಹೆಸರುಂಟು. ಪಥದಲ್ಲಿ ಒದಗುವುದು ಪಾಥೇಯ. ಕಾಶಿಗೆ ಕಾಲುನಡಿಗೆಯಲ್ಲಿ ಹೋಗುತ್ತಿದ್ದ ಕಾಲದಲ್ಲಿ ಯಾವ ತಿನಿಸು ಎಷ್ಟು ದಿನ ಕೆಡದೆ ಉಳಿದೀತು, ಯಾವುದು ಹೊರಲು ಹಗುರ, ಮುಂದಿನ ಕೆರೆಯೋ ಬಾವಿಯೋ ಎಷ್ಟು ಹರದಾರಿ ದೂರ ಎಂಬ ಲೆಕ್ಕವನ್ನು ಹಿರಿಯರು ಬಾಯಲ್ಲೇ ಹಾಕಬಲ್ಲವರಾಗಿದ್ದರು. ರೈಲು ಬಂತು, ಬಸ್ಸು ಬಂತು, ದಾರಿಯುದ್ದಕ್ಕೂ ಹೋಟೆಲುಗಳು ಬಂದವು. ಆ ಲೆಕ್ಕ ನಮಗೆ ಬೇಡವಾಯಿತು. ಇಂದು ಬುತ್ತಿಯೆಂದರೆ ಹೆಚ್ಚೆಂದರೆ ರೈಲಿನಲ್ಲಿ ಬಿಚ್ಚುವ ಚಪಾತಿಯ ಗಂಟು, ಮೊಸರನ್ನದ ಡಬ್ಬಿ. ಅದನ್ನು ಮನೆಯಲ್ಲೇ ಮರೆತು ಬಂದರೂ ಮುಂದಿನ ನಿಲ್ದಾಣದಲ್ಲಿ ಏನಾದರೊಂದು ಸಿಕ್ಕೇ ಸಿಗುತ್ತದೆ.

ಆದರೆ ಮರೆತದ್ದು ಮತ್ತೆ ಸಿಕ್ಕದ ದಾರಿಗಳು ಇನ್ನೂ ಉಳಿದಿವೆ. ಈಗ ಚಾರಣವೆಂದು ಹೆಸರು ಪಡೆದಿರುವ ಪರ್ವತಯಾತ್ರೆಯ ದಾರಿಗಳು ಅಂಥವು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಪ್ರತಿವರ್ಷ ಎಷ್ಟೋ ಮಂದಿ ಬೆನ್ನಿಗೆ ಚೀಲ ಹಾಕಿಕೊಂಡು ಹಿಮಾಲಯಕ್ಕೆ ಹೊರಡುತ್ತಾರೆ. ಅವರಲ್ಲಿ ಕೆಲವರಾದರೂ ನಿಮ್ಮ ಮನೆಯ ಮಕ್ಕಳೋ ಮೊಮ್ಮಕ್ಕಳೋ ಆಗಿರಬಹುದು. ಅಂಥ ಯಾತ್ರೆಗೆ ಬೇಕಾದ ಸಾಮಾನು, ಆಹಾರ, ನೀರು ಇವುಗಳ ಸಿದ್ಧತೆ ಹೇಗಿರಬೇಕು, ಆ ಸಿದ್ಧತೆಯ ಹಿಂದಿನ ನ್ಯಾಯವೇನು ಎಂಬುದನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ. ವಿಷಯ ಸ್ಪಷ್ಟವಾಗಲು ಒಂದು ದಾರಿಯನ್ನೇ ಉದಾಹರಣೆಯಾಗಿ ಹಿಡಿಯೋಣ.

ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿ ಪಾರ್ವತಿ ಎಂಬ ನದಿಯಿದೆ. ಅದರ ಕಣಿವೆಯಲ್ಲಿ ಮಣಿಕರಣದ ಬಿಸಿನೀರಿನ ಬುಗ್ಗೆಗಳನ್ನು ದಾಟಿ ಮುಂದೆ ಹೋದರೆ ಬರ್ಶೈಣಿ ಎಂಬಲ್ಲಿ ಮೋಟಾರು ರಸ್ತೆ ಮುಗಿಯುತ್ತದೆ. ಅಲ್ಲಿಂದ ಕಾಲುದಾರಿ. ಮೊದಲು ಖೀರ್‌ಗಂಗಾ, ಅಂದರೆ ನಮ್ಮ ಕ್ಷೀರಗಂಗೆ. ಅದು ಕಾರ್ತಿಕೇಯನು ತಪಸ್ಸು ಮಾಡಿದ ಸ್ಥಳವೆಂದು ಅಲ್ಲಿಯ ಜನರ ನಂಬಿಕೆ. ಆಮೇಲೆ ಭೂರ್ಜ ಮರಗಳ ಕಾಡು, ಕುರಿ ಮೇಯಿಸುವವರ ಹುಲ್ಲುಗಾವಲು, ಭೀಮಸೇನನು ಬಂಡೆ ಎತ್ತಿಟ್ಟು ಮಾಡಿದ್ದೆಂದು ಹೇಳುವ ಪಾಂಡು ಪುಲ್. ಅದಕ್ಕೂ ಮೇಲೆ, ಸುಮಾರು 4,100 ಮೀಟರ್ ಎತ್ತರದಲ್ಲಿ, ನದಿಯ ಮೂಲವಾದ ಮಾನ್‌ತಲಾಯಿ ಸರೋವರ. ಅಲ್ಲಿಂದ ಹಿಮನದಿಯನ್ನೇರಿ 5,319 ಮೀಟರ್ ಎತ್ತರದ ಪಿನ್ ಪಾರ್ವತಿ ಕಂಡಿಯನ್ನು ದಾಟಿದರೆ ಆಚೆಗೆ ಬೇರೆಯದೇ ಲೋಕ: ಮಳೆ ಕಡಮೆಯ, ಮರವಿಲ್ಲದ ಸ್ಪಿತಿಯ ಸೀಮೆ. ಪಿನ್ ನದಿಯ ಜೊತೆಗೆ ಇಳಿದು ಮುದ್ ಎಂಬ ಹಳ್ಳಿಯನ್ನು ಸೇರಿದಾಗ ಮತ್ತೆ ಮನುಷ್ಯರ ಮನೆ, ಬಾರ್ಲಿ ಬಟಾಣಿಯ ಹೊಲ, ಮೋಟಾರು ರಸ್ತೆ. ಒಟ್ಟು ದಾರಿ ಸುಮಾರು ನೂರು ಕಿಲೋಮೀಟರು. ಕಾಲಾವಧಿ ಹತ್ತು ದಿನ ಎಂದಿಟ್ಟುಕೊಳ್ಳಿ. ಖೀರ್‌ಗಂಗಾ ಬಿಟ್ಟ ಮೇಲೆ ಮುದ್ ಸೇರುವ ತನಕ ಅಂಗಡಿಯೆಂಬುದಿಲ್ಲ. ಏನು ಹೊತ್ತು ತಂದಿದ್ದೀರೋ ಅದೇ ಸಂಸಾರ.

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಪಿನ್ ಪಾರ್ವತಿ ಕಂಡಿ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ನಮ್ಮ ಯುವಕರು ಹಿಮಾಲಯಕ್ಕೆ ಮೊದಲು ಕಾಲು ಪಳಗಿಸಿಕೊಳ್ಳಲು ಕುಕ್ಕೆಯಿಂದ ಕುಮಾರಪರ್ವತವನ್ನು ಹತ್ತುವುದುಂಟು. 1,712 ಮೀಟರಿನ ಆ ಬೆಟ್ಟ ಸಣ್ಣದೇನಲ್ಲ. ಬುಡದಿಂದ ತುದಿಗೆ ಏರಬೇಕಾದ ಎತ್ತರವೇ 1,500 ಮೀಟರಿಗೂ ಹೆಚ್ಚು. ಕಾಲಿಗೂ ಬೆನ್ನಿಗೂ ಅದು ಒಳ್ಳೆಯ ಗರಡಿ. ಕಾರ್ತಿಕೇಯನ ಒಂದು ಬೆಟ್ಟದಲ್ಲಿ ಅಭ್ಯಾಸ ಮಾಡಿ ಇನ್ನೊಂದಕ್ಕೆ ಹೊರಡುವುದು ಉಚಿತವೂ ಹೌದು. ಆದರೆ ಅಲ್ಲಿ ಕಲಿಯಲಾಗದ ಪಾಠ ಒಂದಿದೆ, ಅದು ಗಾಳಿಯದು. ಕಂಡಿಯ ನೆತ್ತಿಯಲ್ಲಿ ಗಾಳಿಯ ಒತ್ತಡ ಕಡಲದಂಡೆಯ ಅರ್ಧಕ್ಕಿಂತ ತುಸು ಹೆಚ್ಚಷ್ಟೆ. ಉಸಿರಾಟ ಮಾತ್ರವಲ್ಲ, ಅನ್ನ ಬೇಯುವುದು, ನೀರು ಕುದಿಯುವುದು, ಒಲೆ ಉರಿಯುವುದು, ಎಲ್ಲವೂ ಈ ಒಂದು ಸಂಗತಿಯಿಂದ ಬದಲಾಗುತ್ತವೆ.

ಸಿದ್ಧತೆಯಲ್ಲಿ ಮೊದಲನೆಯದು ತೂಕದ ಲೆಕ್ಕ. ಚೀಲ ತುಂಬಿದ ಮೇಲೆ ತೂಗುವುದಲ್ಲ. ಒಂದೊಂದು ವಸ್ತುವನ್ನೂ ತಕ್ಕಡಿಗೆ ಹಾಕಿ ಕಾಗದದ ಮೇಲೆ ಬರೆದುಕೊಳ್ಳಬೇಕು. ಬೆನ್ನುಚೀಲ 2 ಕಿಲೋ. ಇಬ್ಬರು ಮಲಗುವ ಗುಡಾರದಲ್ಲಿ ಒಬ್ಬರ ಪಾಲು ಒಂದೂವರೆ. ಮಲಗುವ ಚೀಲ ಒಂದೂವರೆ, ಅದರಡಿಯ ಹಾಸು ಅರ್ಧ. ಬದಲಿ ಬಟ್ಟೆ, ಉಣ್ಣೆಯ ಉಡುಪು ಎರಡೂವರೆ; ಮಳೆಯ ಉಡುಪು ಅರ್ಧ. ಒಲೆ, ಪಾತ್ರೆ, ಇಂಧನದಲ್ಲಿ ಒಬ್ಬರ ಪಾಲು ಒಂದೂವರೆ. ಔಷಧ, ದೀಪ, ಸೂಜಿದಾರ, ಚೂರಿ, ಹಗ್ಗ ಮೊದಲಾದ ಚಿಲ್ಲರೆ ಸಾಮಾನು 1 ಕಿಲೋ. ಇಷ್ಟಕ್ಕೇ 11 ಕಿಲೋ ಆಯಿತು. ದಿನಕ್ಕೆ ಸುಮಾರು 780 ಗ್ರಾಮಿನಂತೆ ಹತ್ತು ದಿನದ ಆಹಾರ, ಆಪತ್ತಿಗೆಂದು ಎರಡು ದಿನದ್ದು ಬೇರೆ. ಅದು ಹತ್ತಿರ ಹತ್ತಿರ ಒಂಬತ್ತೂವರೆ ಕಿಲೋ. ಎರಡು ಲೀಟರು ನೀರು, 2 ಕಿಲೋ. ಒಟ್ಟು ಇಪ್ಪತ್ತೆರಡು ಕಿಲೋ ದಾಟಿತು.

ಹೊರುವವನು ಅರುವತ್ತು ಕಿಲೋ ತೂಕದವನಾದರೆ ಅವನ ತೂಕದ ಕಾಲುಭಾಗ, ಅಂದರೆ 15 ಕಿಲೋ, ಅವನ ಬೆನ್ನಿಗೆ ತಕ್ಕ ಹೊರೆಯೆಂದು ಅನುಭವಸ್ಥರ ಮತ. ಉಳಿದ ಏಳು ಕಿಲೋ ಏನಾಗಬೇಕು? ಆಹಾರ ದಿನದಿನವೂ ಕರಗುತ್ತದೆ, ಏಳನೆಯ ದಿನದ ಹೊತ್ತಿಗೆ ನಾಲ್ಕೂವರೆ ಕಿಲೋ ಇಳಿದಿರುತ್ತದೆ ಎಂಬುದು ನಿಜ. ಆದರೆ ಮೊದಲ ದಿನಗಳ ಏರಿನಲ್ಲಿ ಆ ಸಮಾಧಾನ ಬೆನ್ನಿಗೆ ತಿಳಿಯದು. ಹೊರೆ ಇಳಿಯುವುದಕ್ಕೆ ಎರಡೇ ಉಪಾಯ: ಬೇಡದ್ದನ್ನು ಬಿಡುವುದು, ಇಲ್ಲವೇ ಇನ್ನೊಬ್ಬರಿಗೆ ಹೊರಿಸುವುದು.

ಹಿಮಾಲಯದ ಯಾತ್ರೆಗಳಲ್ಲಿ ಎರಡನೆಯ ಉಪಾಯ ಬಹಳ ಹಳೆಯದು. 1953ರ ಎವರೆಸ್ಟ್ ಯಾತ್ರೆಯ ಸಾಮಾನನ್ನು ಬುಡದವರೆಗೆ ಸಾಗಿಸಿದವರು ಮುನ್ನೂರೈವತ್ತಕ್ಕಿಂತ ಹೆಚ್ಚು ಮಂದಿ ಹೊರೆಯಾಳುಗಳು. ಪಿನ್ ಪಾರ್ವತಿಯಂಥ ದಾರಿಯಲ್ಲಿಯೂ ದಾರಿ ಬಲ್ಲ ಮಾರ್ಗದರ್ಶಿಯೂ ಹಿಮನದಿಯ ಬಿರುಕುಗಳನ್ನು ದಾಟಲು ಹಗ್ಗವೂ ಬೇಕೇಬೇಕು. ಹೊರೆಯಾಳುಗಳ ಸಹಾಯವನ್ನೂ ಬಹುಮಂದಿ ಪಡೆಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಅವರಿಗೆ ಅದು ಜೀವನೋಪಾಯ. ಆದರೆ ಇಲ್ಲಿಯೂ ಒಂದು ಲೆಕ್ಕವಿದೆ, ಅದನ್ನು ಹೊರಡುವವರು ಸಾಮಾನ್ಯವಾಗಿ ಹಾಕುವುದಿಲ್ಲ. ಹೊರೆಯಾಳೂ ಉಣ್ಣಬೇಕು, ಅವನಿಗೂ ಹೊದಿಕೆ ಬೇಕು. 20 ಕಿಲೋ ಹೊರುವವನ ಬೆನ್ನಿನಲ್ಲಿ ಹತ್ತು ದಿನದ ಅವನ ಊಟವೇ ಎಂಟು ಕಿಲೋ. ಅವನ ಹೊದಿಕೆ ಬಟ್ಟೆಗಳನ್ನೂ ಕಳೆದರೆ ನಿಮ್ಮ ಸಾಮಾನಿಗೆ ಉಳಿಯುವ ಸ್ಥಳ ಎಂಟೋ ಒಂಬತ್ತೋ ಕಿಲೋ. ಅದಕ್ಕೂ ಮೀರಿ ಹೊರಿಸಿದರೆ ಅವನು ಬಿಡುವುದು ತನ್ನ ಹೊದಿಕೆಯನ್ನು, ತನ್ನ ಊಟವನ್ನು. ಅವನ ಕಾಲಿಗೆ ಗಟ್ಟಿ ಬೂಟು, ಮೈಗೆ ಬೆಚ್ಚನೆಯ ಉಡುಪು, ಕಣ್ಣಿಗೆ ಕಪ್ಪು ಕನ್ನಡಕ, ಅವನ ಹೆಸರಿನಲ್ಲಿ ವಿಮೆ ಇವೆಯೇ ಎಂದು ಹೊರಡುವ ಮೊದಲೇ ವಿಚಾರಿಸುವುದು ಸಾಮಾನು ಜೋಡಿಸುವುದರ ಒಂದು ಅಂಗವೇ ಸರಿ. ನಮ್ಮ ಚೀಲದಿಂದ ತೆಗೆದ ಭಾರ ಬೆಟ್ಟದಲ್ಲಿ ಮಾಯವಾಗುವುದಿಲ್ಲ. ಅದನ್ನು ಹೊರುವ ಬೆನ್ನು ಬೇರೆಯಾಗುತ್ತದೆ, ಅಷ್ಟೆ.

ಆದುದರಿಂದ ಮೊದಲನೆಯ ಉಪಾಯವನ್ನೇ ಮುಗಿಯುವ ತನಕ ಬಳಸಬೇಕು. ಪುಸ್ತಕವೊಂದು ಸಾಕು, ಎರಡು ಬೇಡ. ಗಾಜಿನ ಸೀಸೆ, ತಗಡಿನ ಡಬ್ಬಿ ಊರಲ್ಲೇ ಉಳಿಯಲಿ. ಒಂದೇ ವಸ್ತು ಎರಡು ಕೆಲಸಕ್ಕೆ ಬರುವಂತಿದ್ದರೆ ಅದಕ್ಕೆ ಮೊದಲ ಪ್ರಾಶಸ್ತ್ಯ: ನಮ್ಮ ಪಂಚೆಯ ತುಂಡು ಟವಲಾಗಿ, ಮುಖಕ್ಕೆ ಮುಸುಕಾಗಿ, ನೀರು ಸೋಸುವ ಬಟ್ಟೆಯಾಗಿ, ಪೆಟ್ಟಾದ ಕೈಗೆ ಜೋಲಿಯಾಗಿ ದುಡಿಯುತ್ತದೆ.

ಚೀಲವನ್ನು ತುಂಬುವುದರಲ್ಲೂ ಒಂದು ಕ್ರಮವಿದೆ. ಒಳ್ಳೆಯ ಬೆನ್ನುಚೀಲದ ಭಾರ ಹೆಗಲಿನ ಮೇಲೆ ನಿಲ್ಲುವುದಿಲ್ಲ. ಅಗಲವಾದ ಸೊಂಟಪಟ್ಟಿಯ ಮೂಲಕ ಸೊಂಟದ ಮೂಳೆಗೆ ಇಳಿಯುತ್ತದೆ. ನೀರು ತುಂಬಿದ ಕೊಡವನ್ನು ನಮ್ಮ ಹೆಂಗಸರು ಸೊಂಟದ ಮೇಲೆ ಕೂರಿಸಿ ತರುವುದರ ಮರ್ಮವೂ ಇದೇ. ಹಗುರವಾದ ಮಲಗುವ ಚೀಲ ತಳಕ್ಕೆ. ಭಾರವಾದ ಆಹಾರ ಬೆನ್ನಿಗೆ ಅಂಟಿದಂತೆ ನಡುವೆ. ದಾರಿಯಲ್ಲಿ ಥಟ್ಟನೆ ಬೇಕಾಗುವ ಮಳೆಯುಡುಪು, ಔಷಧ ಮೇಲುಗಡೆ. ಭಾರ ಬೆನ್ನಿನಿಂದ ದೂರವಾದಷ್ಟೂ ನಡೆಯುವವನನ್ನು ಹಿಂದಕ್ಕೆ ಜಗ್ಗುತ್ತದೆ. ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ಕಿನ ಇನ್ನೊಂದು ಚೀಲವಿಟ್ಟು ಅದರೊಳಗೆ ಎಲ್ಲವನ್ನೂ ತುಂಬಬೇಕು. ಹೊರಗಿನ ಹೊದಿಕೆಯೊಂದೇ ಕುಲ್ಲುವಿನ ಮಳೆಯನ್ನು ತಡೆಯಲಾರದು.

ಬಟ್ಟೆಯ ವಿಷಯದಲ್ಲಿ ನಮ್ಮ ಬಯಲುಸೀಮೆಯ ಅನುಭವ ಅಡ್ಡಬರುತ್ತದೆ. ನಮಗೆ ಹತ್ತಿಯೇ ಹಿತ. ಬೆಟ್ಟದಲ್ಲಿ ಹತ್ತಿ ಶತ್ರು. ಅದು ಬೆವರನ್ನೂ ಮಳೆಯನ್ನೂ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಒದ್ದೆ ಬಟ್ಟೆ ಗಾಳಿಯಲ್ಲಿ ಮೈಯ ಶಾಖವನ್ನು ಕದಿಯುತ್ತದೆ. ಚಳಿಯಿಂದ ಸಾಯುವುದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಒದ್ದೆ ಬಟ್ಟೆ, ಗಾಳಿ, ಆಯಾಸ ಈ ಮೂರು ಸೇರಿದರೆ ಸಾಕು. ಉಣ್ಣೆ ನೆನೆದರೂ ಸ್ವಲ್ಪ ಬೆಚ್ಚಗೇ ಇರುತ್ತದೆ, ಪಾಲಿಯೆಸ್ಟರ್ ಬೇಗ ಒಣಗುತ್ತದೆ. ಆದ್ದರಿಂದ ಒಳಗೆ ಬೆವರನ್ನು ಹೊರದೂಡುವ ತೆಳು ಉಡುಪು, ನಡುವೆ ಶಾಖ ಹಿಡಿಯುವ ಉಣ್ಣೆ, ಹೊರಗೆ ಗಾಳಿಮಳೆ ತಡೆಯುವ ಅಂಗಿ, ಹೀಗೆ ಮೂರು ಪದರ. ದಪ್ಪದೊಂದು ಕೋಟಿಗಿಂತ ಇದು ಮೇಲು, ಏಕೆಂದರೆ ಏರುವಾಗ ಒಂದನ್ನು ಕಳಚಬಹುದು, ನಿಂತಾಗ ತೊಡಬಹುದು. ರಾತ್ರಿಗೆ ಮೀಸಲಾದ ಒಂದು ಜೊತೆ ಒಣಬಟ್ಟೆಯನ್ನು ಯಾವ ಕಾರಣಕ್ಕೂ ಹಗಲು ಮುಟ್ಟಬಾರದು. ಮಲಗುವಾಗ ಮೇಲಿನ ಹೊದಿಕೆಯಷ್ಟೇ ಕೆಳಗಿನ ಹಾಸೂ ಮುಖ್ಯ. ಮೈಯ ಭಾರಕ್ಕೆ ಅದುಮಿದ ಹೊದಿಕೆ ನೆಲದ ತಂಪನ್ನು ತಡೆಯದು. ಬೂಟು ಹೊಸದಾಗಿದ್ದರೆ ಮೊದಲೇ ತಿಂಗಳುಗಟ್ಟಲೆ ತೊಟ್ಟು ಕಾಲಿಗೆ ಒಗ್ಗಿಸಿಕೊಳ್ಳಬೇಕು. 1953ರ ಮೇ 29ರ ಬೆಳಗ್ಗೆ, ಎವರೆಸ್ಟಿನ ತುದಿಗೆ ಹೊರಡಬೇಕಾದ ದಿನ, ಹಿಲರಿ ರಾತ್ರಿ ಕಳಚಿಟ್ಟಿದ್ದ ಬೂಟುಗಳು ಕಲ್ಲಿನಂತೆ ಹೆಪ್ಪುಗಟ್ಟಿದ್ದುವು. ಅವನ್ನು ಒಲೆಯ ಮೇಲೆ ಹಿಡಿದು ಮೆದು ಮಾಡುವುದರಲ್ಲೇ ಎರಡು ಗಂಟೆ ಕಳೆಯಿತು. ಎತ್ತರದ ರಾತ್ರಿಗಳಲ್ಲಿ ಬೂಟನ್ನೂ ಕಾಲುಚೀಲವನ್ನೂ ಮಲಗುವ ಚೀಲದೊಳಗೇ ಇಟ್ಟುಕೊಳ್ಳುವುದು ಲೇಸು.

ಇನ್ನು ಆಹಾರ. ಎತ್ತರ ಹೆಚ್ಚಿದಂತೆ ನೀರು ಕಡಮೆ ಉಷ್ಣತೆಯಲ್ಲೇ ಕುದಿಯತೊಡಗುತ್ತದೆ. ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಮೈಸೂರಿನಲ್ಲಿ ಸುಮಾರು 97 ಡಿಗ್ರಿಗೆ ಕುದಿಯುವ ನೀರು ಮಾನ್‌ತಲಾಯಿಯ ದಡದಲ್ಲಿ ಸುಮಾರು 86ಕ್ಕೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಅಕ್ಕಿ ಅರೆಬೆಂದು ನಿಲ್ಲುತ್ತದೆ. ತೊಗರಿಬೇಳೆ ಗಂಟೆಗಟ್ಟಲೆ ಕುದಿದರೂ ಗಟ್ಟಿಯಾಗಿಯೇ ಉಳಿಯುತ್ತದೆ, ಇಂಧನ ಮಾತ್ರ ಮುಗಿಯುತ್ತದೆ. ದೊಡ್ಡ ತಂಡಗಳವರು ಪ್ರೆಷರ್ ಕುಕ್ಕರನ್ನೇ ಹೊತ್ತೊಯ್ಯುತ್ತಾರೆ. ಇಬ್ಬರು ಮೂವರ ತಂಡಕ್ಕೆ ಬೇರೆ ದಾರಿಯುಂಟು. ಅದನ್ನು ಕಂಡುಹಿಡಿದವರು ಯಾವ ವಿಜ್ಞಾನಿಗಳೂ ಅಲ್ಲ.

ಸ್ಪಿತಿ, ಲಡಾಖ್, ಟಿಬೆಟ್ಟಿನ ಜನ ಬಾರ್ಲಿಯನ್ನು ಹುರಿದು ಬೀಸಿ ಹಿಟ್ಟು ಮಾಡಿಕೊಳ್ಳುತ್ತಾರೆ. ತ್ಸಂಪಾ ಎಂದು ಅದರ ಹೆಸರು. ಬೆಣ್ಣೆ ಹಾಕಿದ ಉಪ್ಪು ಚಹಾದಲ್ಲಿ ಕಲಸಿ ಉಂಡೆ ಕಟ್ಟಿ ತಿಂದರೆ ಊಟವಾಯಿತು. ಬೇಯಿಸುವ ಮಾತೇ ಇಲ್ಲ. ಬಿಹಾರದಲ್ಲಿ ಕಡಲೆಯನ್ನು ಹುರಿದು ಬೀಸಿದ ಸತ್ತು ಇದೇ ಜಾತಿಯದು. ನಮ್ಮಲ್ಲಿ ರಾಗಿಯ ಹುರಿಹಿಟ್ಟು, ಅಕ್ಕಿಯ ತಂಬಿಟ್ಟು. ಸತ್ತು ಎಂಬ ಮಾತು ಬಂದದ್ದು ಸಂಸ್ಕೃತದ ಸಕ್ತುವಿನಿಂದ. ಮಹಾಭಾರತದ ಆಶ್ವಮೇಧಿಕ ಪರ್ವದಲ್ಲಿ ಬಡ ಬ್ರಾಹ್ಮಣನ ಕುಟುಂಬವು ಹಸಿದ ಅತಿಥಿಗೆ ತಮ್ಮ ಪಾಲನ್ನೆಲ್ಲ ಕೊಟ್ಟ ಕಥೆಯಿದೆಯಲ್ಲ. ಆ ಕಥೆಯಲ್ಲಿ ಮುಂಗುಸಿಯ ಅರ್ಧ ಮೈಯನ್ನು ಹೊನ್ನಾಗಿಸಿದ ಆಹಾರ ಈ ಸಕ್ತುವೇ. ಹಿಮದ ನಾಡಿನವರೂ ಗಂಗೆಯ ಬಯಲಿನವರೂ ಮಂಡ್ಯ ತುಮಕೂರಿನ ರೈತರೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಉಪಾಯಕ್ಕೆ ಬಂದಿದ್ದಾರೆ. ಹುರಿಯುವುದೆಂದರೆ ಬೆಂಕಿಯ ಕೆಲಸವನ್ನು ಮನೆಯಲ್ಲೇ ಮುಗಿಸಿಬಿಡುವುದು. ಸೌದೆ ಯಥೇಚ್ಛವಾಗಿರುವಲ್ಲಿ ಉರಿಸಿದ ಬೆಂಕಿಯನ್ನು ಕಾಳಿನೊಳಗೆ ಕಟ್ಟಿ, ಸೌದೆ ಇಲ್ಲದಲ್ಲಿಗೆ ಹೊತ್ತೊಯ್ಯುತ್ತೇವೆ. ಬೆಟ್ಟದ ಬುತ್ತಿಯ ನ್ಯಾಯವೆಲ್ಲ ಇಷ್ಟರಲ್ಲಿದೆ: ಮೇಲೆ ಮಾಡಬೇಕಾದ ಕೆಲಸವನ್ನು ಆದಷ್ಟೂ ಕೆಳಗೇ ಮಾಡಿ ಮುಗಿಸಿರಬೇಕು.

ಹೊರೆ ಹೊತ್ತು ದಿನವಿಡೀ ಏರುವವನಿಗೆ ಮೂರೂವರೆ ಸಾವಿರ ಕ್ಯಾಲೊರಿಯಷ್ಟು ಆಹಾರ ಬೇಕಾಗುತ್ತದೆ. ಅದನ್ನು ಕಡಮೆ ತೂಕದಲ್ಲಿ ತುಂಬುವ ಬಗೆ ಹೇಗೆ? ಒಂದು ಗ್ರಾಂ ಹಿಟ್ಟು ಅಥವಾ ಸಕ್ಕರೆ ಕೊಡುವುದು ಸುಮಾರು 4 ಕ್ಯಾಲೊರಿ. ಒಂದು ಗ್ರಾಂ ಜಿಡ್ಡು ಕೊಡುವುದು 9. ಆದುದರಿಂದ ಕಡಲೆಕಾಯಿ ಬೀಜ, ಒಣಕೊಬ್ಬರಿ, ತುಪ್ಪ ಇವಕ್ಕೆ ಬುತ್ತಿಯಲ್ಲಿ ಗೌರವದ ಸ್ಥಾನ. ನಮ್ಮ ಅಡುಗೆಮನೆಯ ಪದಾರ್ಥಗಳಿಂದಲೇ ಒಂದು ದಿನದ ಬುತ್ತಿಯನ್ನು ಹೀಗೆ ಕಟ್ಟಬಹುದು: ಹುರಿಹಿಟ್ಟು ಮತ್ತು ಅವಲಕ್ಕಿ 200 ಗ್ರಾಂ, ತುಪ್ಪದಲ್ಲಿ ಹುರಿದ ರವೆ ಅಥವಾ ಶಾವಿಗೆ 200, ಕಡಲೆಕಾಯಿ, ಕೊಬ್ಬರಿ, ಬಾದಾಮಿ 150, ಬೆಲ್ಲ 100, ಹಾಲಿನ ಪುಡಿ 50, ಬೇಳೆಯ ಚಟ್ನಿಪುಡಿ 50, ತುಪ್ಪ 30. ಮೊದಲು ಹೇಳಿದ 780 ಗ್ರಾಂ ಇದೇ. ಇದರಲ್ಲಿ ಸುಮಾರು 3,400 ಕ್ಯಾಲೊರಿಗಳಿವೆ, ಯಾವುದಕ್ಕೂ ದೀರ್ಘ ಕಾಲದ ಬೆಂಕಿ ಬೇಡ. ಮಂಡಕ್ಕಿ ಹಗುರವೆಂದು ಮೋಸಹೋಗಬಾರದು. ಅದು ಚೀಲವನ್ನೇ ತುಂಬಿಬಿಡುತ್ತದೆ. ಎತ್ತರದಲ್ಲಿ ಹಸಿವು ಸತ್ತುಹೋಗುವುದುಂಟು, ಸಿಹಿಯನ್ನು ಕಂಡರೆ ಹೇಸಿಗೆಯಾಗುವುದುಂಟು. ಆಗ ಒಂದು ಹರಳು ಉಪ್ಪಿನಕಾಯಿ, ಒಂದು ಚಿಟಿಕೆ ಚಟ್ನಿಪುಡಿ ಮಾಡುವ ಉಪಕಾರ ದೊಡ್ಡದು. ಒಂದೊಂದು ದಿನದ್ದನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ ಮೇಲೆ ದಿನದ ಸಂಖ್ಯೆ ಬರೆಯಬೇಕು. ಹಾಗಲ್ಲದಿದ್ದರೆ ಮೊದಲ ಮೂರು ದಿನದಲ್ಲೇ ಬೆಲ್ಲ, ಬಾದಾಮಿ ಮುಗಿದು ಕೊನೆಗೆ ರವೆಯೊಂದೇ ಉಳಿಯುತ್ತದೆ.

ಆಹಾರ ಒಂದೆರಡು ದಿನ ಕಡಮೆಯಾದರೆ ಮನುಷ್ಯ ಬಳಲುತ್ತಾನೆ. ನೀರು ಕಡಮೆಯಾದರೆ ಬೀಳುತ್ತಾನೆ. ಎತ್ತರದ ಒಣಗಾಳಿಯಲ್ಲಿ ಏದುಸಿರಿನ ಜೊತೆಗೇ ಮೈಯ ನೀರು ಹೊರಟುಹೋಗುತ್ತದೆ. ಚಳಿಯಲ್ಲಿ ಬಾಯಾರಿಕೆ ತಿಳಿಯದಿರುವುದು ಇನ್ನೂ ಅಪಾಯ. ಇದನ್ನು ಜಗತ್ತಿಗೆ ಕಲಿಸಿದ ಪ್ರಸಂಗವೊಂದುಂಟು. 1952ರ ಮೇ ತಿಂಗಳ ಕೊನೆಯಲ್ಲಿ ಸ್ವಿಸ್ ತಂಡದ ರೇಮಂಡ್ ಲ್ಯಾಂಬರ್ಟ್ ಮತ್ತು ನಮ್ಮ ತೇನ್‌ಸಿಂಗ್ ಎವರೆಸ್ಟಿನ ಮೇಲೆ ಸುಮಾರು 8,400 ಮೀಟರ್ ಎತ್ತರದಲ್ಲಿ ಒಂದು ಪುಟ್ಟ ಗುಡಾರದಲ್ಲಿ ರಾತ್ರಿ ಕಳೆದರು. ಅವರ ಬಳಿ ಮಲಗುವ ಚೀಲವಿರಲಿಲ್ಲ, ಒಲೆಯೂ ಇರಲಿಲ್ಲ. ಮೋಂಬತ್ತಿಯ ಉರಿಯ ಮೇಲೆ ಹಿಮವನ್ನು ಕರಗಿಸಿ ತುಟಿ ತೇವ ಮಾಡಿಕೊಂಡರು. ಮರುದಿನ ಸುಮಾರು 8,600 ಮೀಟರಿನವರೆಗೆ ತೆವಳುವಂತೆ ಏರಿ ಹಿಂತಿರುಗಿದರು. ಆಮ್ಲಜನಕದ ಸಾಧನ ಸರಿಯಾಗಿ ಕೆಲಸ ಮಾಡದೆ ಹೋದದ್ದೂ ಕಾರಣವಾಗಿತ್ತು, ದಾಹವೂ ಕಾರಣವಾಗಿತ್ತು. ಮರುವರ್ಷದ ಬ್ರಿಟಿಷ್ ತಂಡದಲ್ಲಿದ್ದ ಶರೀರವಿಜ್ಞಾನಿ ಗ್ರಿಫಿತ್ ಪಗ್ ಒಬ್ಬೊಬ್ಬರೂ ದಿನಕ್ಕೆ ಮೂರು ಲೀಟರಾದರೂ ದ್ರವ ಕುಡಿಯಲೇಬೇಕೆಂದು ಹಟ ಹಿಡಿದರು. ಅದಕ್ಕೆ ಬೇಕಾದ ಒಲೆ, ಇಂಧನಗಳನ್ನು ಮೇಲಿನವರೆಗೂ ಹೊರಿಸಲಾಯಿತು. ತೇನ್‌ಸಿಂಗ್ ಮತ್ತು ಹಿಲರಿ ಕೊನೆಯ ರಾತ್ರಿ ಸಕ್ಕರೆ ಹಾಕಿದ ಬಿಸಿ ನಿಂಬೆ ಪಾನಕವನ್ನು ಮತ್ತೆ ಮತ್ತೆ ಕುಡಿದು ಬೆಳಗ್ಗೆ ಹೊರಟರು. ಗೆಲುವಿನ ಕಾರಣಗಳಲ್ಲಿ ಆ ಪಾನಕಕ್ಕೂ ಒಂದು ಪಾಲಿದೆ.

ಸುತ್ತಲೂ ಹಿಮವಿರುವಾಗ ನೀರಿಗೇನು ಬರವೆಂದು ಕೇಳಬಹುದು. ಹಿಮ ನೀರಲ್ಲ, ಇಂಧನವಿದ್ದವನಿಗೆ ಮಾತ್ರ ನೀರಾಗುವ ವಸ್ತು. ಶೂನ್ಯ ಡಿಗ್ರಿಯ ಒಂದು ಕಿಲೋ ಹಿಮವನ್ನು ಬರಿದೆ ಕರಗಿಸುವುದಕ್ಕೆ ತಗಲುವ ಶಾಖದಿಂದ, ಅಷ್ಟೇ ನೀರನ್ನು ಶೂನ್ಯದಿಂದ 80 ಡಿಗ್ರಿಯವರೆಗೆ ಕಾಯಿಸಬಹುದು. ಅಂದರೆ ಹಿಮ ಕರಗಿಸಿ ಚಹಾ ಕಾಸುವವನಿಗೆ ಇಂಧನ ಸುಮಾರು ಎರಡು ಪಟ್ಟು ಬೇಕು. ನೀರಿನ ಲೆಕ್ಕವೂ ಇಂಧನದ ಲೆಕ್ಕವೂ ಒಂದೇ ಪುಟದಲ್ಲಿರಬೇಕಾದದ್ದು ಇದಕ್ಕೇ.

ನಮ್ಮ ದಾರಿಯಲ್ಲಿ ಹೆಚ್ಚಿನ ದಿನಗಳಲ್ಲಿ ತೊರೆಗಳು ಸಿಗುತ್ತವೆ. ಆದರೆ ಮೇಲುಗಡೆ ಕುರಿಮಂದೆಗಳಿವೆ, ಮನುಷ್ಯರೂ ಇದ್ದಾರೆ. ಸ್ಫಟಿಕದಂತೆ ತಿಳಿಯಾಗಿರುವುದು ಶುದ್ಧಿಯ ಲಕ್ಷಣವಲ್ಲ. 2,000 ಮೀಟರಿನ ಮೇಲೆ ನೀರು ಕುದಿಯತೊಡಗಿದ ನಂತರ ಮೂರು ನಿಮಿಷ ಹಾಗೆಯೇ ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಕ್ಲೋರಿನ್ ಮಾತ್ರೆ ಹಗುರ, ಆದರೆ ತಣ್ಣೀರಿನಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ, ಕೆಲವು ಜೀವಿಗಳು ಅದಕ್ಕೆ ಬಗ್ಗುವುದಿಲ್ಲ. ಸೂಕ್ಷ್ಮ ರಂಧ್ರದ ಫಿಲ್ಟರು ಒಳ್ಳೆಯದು. ಆದರೆ ರಾತ್ರಿಯ ಚಳಿಗೆ ಅದರೊಳಗಿನ ನೀರು ಹೆಪ್ಪುಗಟ್ಟಿದರೆ ಹೊರಗೆ ಕಾಣದಂತೆ ಒಳಗೇ ಸೀಳಿಹೋಗುತ್ತದೆ. ಹಿಮನದಿಯಿಂದ ಬಂದ ನೀರಿನಲ್ಲಿ ಕಲ್ಲಿನ ನುಣುಪು ಹಿಟ್ಟು ಬೆರೆತಿರುತ್ತದೆ. ಸಂಜೆಯೇ ಪಾತ್ರೆಯಲ್ಲಿ ತುಂಬಿಟ್ಟು ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಬೇಕು. ಇಂಥ ತೊರೆಗಳಿಗೆ ದಿನದ ಗತಿಯೂ ಉಂಟು. ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರುತ್ತದೆ. ಬೆಳಗಿನ ಜಾವ ಇಳಿದಿರುತ್ತದೆ. ದಾಟುವುದಿದ್ದರೆ ಬೆಳಗ್ಗೆಯೇ ದಾಟಬೇಕು.

ಒಲೆಯ ವಿಷಯಕ್ಕೆ ಒಂದೆರಡು ಮಾತು. ಗ್ಯಾಸಿನ ಪುಟ್ಟ ಡಬ್ಬಿಗಳನ್ನು ರೈಲಿನಲ್ಲಾಗಲಿ ವಿಮಾನದಲ್ಲಾಗಲಿ ಒಯ್ಯುವಂತಿಲ್ಲ. ಯಾತ್ರೆ ಆರಂಭಿಸುವ ಸೀಮೆಯಲ್ಲೇ ಕೊಳ್ಳಬೇಕು. ಬರಿಯ ಬ್ಯುಟೇನ್ ಶೂನ್ಯ ಡಿಗ್ರಿಯ ಸುಮಾರಿಗೆ ಅನಿಲವಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಬೆರೆತದ್ದನ್ನು ಕೇಳಿ ಪಡೆಯಬೇಕು. ಮನೆಯಲ್ಲೇ ಒಂದು ಲೀಟರು ನೀರನ್ನು ಅದೇ ಬಗೆಯ ಒಲೆಯಲ್ಲಿ ಕುದಿಸಿ ಎಷ್ಟು ಇಂಧನ ಇಳಿಯಿತೆಂದು ತೂಗಿ, ಹತ್ತು ದಿನಕ್ಕೆ ಗುಣಿಸಿ, ಗಾಳಿಗೂ ಚಳಿಗೂ ಅದರ ಅರ್ಧದಷ್ಟನ್ನು ಕೂಡಿಸಿದರೆ ಅಂದಾಜು ಸಿಗುತ್ತದೆ. ಎಷ್ಟೇ ಚಳಿಯಿದ್ದರೂ ಮುಚ್ಚಿದ ಗುಡಾರದೊಳಗೆ ಒಲೆ ಹಚ್ಚಬಾರದು. ಅದರಿಂದ ಹುಟ್ಟುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

ಯಾವ ಚೀಲದಲ್ಲೂ ತುಂಬಲಾಗದ, ಆದರೂ ಮನೆಯಿಂದಲೇ ತರಬೇಕಾದ ಸಾಮಾನೊಂದುಂಟು: ದಿನಗಳು. 3,000 ಮೀಟರಿನ ಮೇಲೆ ಹೋದ ನಂತರ ಹಿಂದಿನ ರಾತ್ರಿ ಮಲಗಿದ ಎತ್ತರಕ್ಕಿಂತ 500 ಮೀಟರಿಗೂ ಹೆಚ್ಚು ಮೇಲೆ ಮಲಗಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು. ರಕ್ತ ತೆಳುಗಾಳಿಗೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು; ಯೌವನವಾಗಲಿ ವ್ಯಾಯಾಮವಾಗಲಿ ಅದನ್ನು ಕಡಮೆ ಮಾಡಲಾರವು. ತಲೆನೋವು, ವಾಕರಿಕೆ ಬಂದರೆ ಏರುವುದನ್ನು ನಿಲ್ಲಿಸಬೇಕು. ನಡಿಗೆ ತಡವರಿಸಿದರೆ, ಮಾತು ತೊದಲಿದರೆ, ಕುಳಿತಾಗಲೂ ಉಸಿರು ಕಟ್ಟಿದರೆ ರಾತ್ರಿಯಾದರೂ ಸರಿಯೇ, ಕೆಳಗಿಳಿಸಬೇಕು, ಇಳಿಯುವುದೇ ಔಷಧ. ರಜೆ ಮುಗಿಯಿತು, ರೈಲಿನ ಟಿಕೆಟ್ಟಾಗಿದೆ ಎಂಬ ಅವಸರವೇ ಎಷ್ಟೋ ಸಲ ಇಳಿಯಬೇಕಾದವರನ್ನು ಮೇಲಕ್ಕೆ ಎಳೆಯುತ್ತದೆ. ಬುತ್ತಿಯಲ್ಲಿ ಎರಡು ದಿನದ ಆಹಾರವನ್ನು ಹೆಚ್ಚಾಗಿಟ್ಟಂತೆ ರಜೆಯಲ್ಲೂ ಎರಡು ದಿನವನ್ನು ಹೆಚ್ಚಾಗಿಡಬೇಕು. ಒಂದಿಲ್ಲದೆ ಇನ್ನೊಂದು ವ್ಯರ್ಥ.

ದಿನದ ನಡಿಗೆಯ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಹೊರೆ ಹೊತ್ತು ತೆಳುಗಾಳಿಯಲ್ಲಿ ನಡೆಯುವವರು ಅದರ ಮೇಲೆ ಅರ್ಧದಷ್ಟನ್ನಾದರೂ ಕೂಡಿಸಿಕೊಳ್ಳಬೇಕು.

ಔಷಧದ ಪೊಟ್ಟಣದಲ್ಲಿ ಗಾಯಕ್ಕೆ ಪಟ್ಟಿ, ಜ್ವರ ನೋವಿನ ಮಾತ್ರೆ, ವೈದ್ಯರು ಬರೆದುಕೊಟ್ಟ ಎತ್ತರದ ಕಾಯಿಲೆಯ ಔಷಧ, ಭೇದಿಗೆ ಓ.ಆರ್.ಎಸ್. ಪುಡಿ ಇರಲಿ. ಪುಡಿ ಮುಗಿದರೆ ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟಸ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಬೆರೆಸಿದರಾಯಿತು. ಹಿಮದ ಮೇಲಿನ ಬಿಸಿಲಿಗೆ ಕಪ್ಪು ಕನ್ನಡಕ ಅಲಂಕಾರವಲ್ಲ; ಅದಿಲ್ಲದೆ ಒಂದೇ ಹಗಲಿನಲ್ಲಿ ಕಣ್ಣು ಉರಿದು ಕುರುಡಾದಂತಾಗುವುದುಂಟು. ದಾರಿ ಯಾವುದು, ಎಂದು ಹಿಂತಿರುಗುವುದು ಎಂಬುದನ್ನು ಬರೆದು ಮನೆಯಲ್ಲೊಬ್ಬರ ಕೈಗೆ ಕೊಟ್ಟು ಹೊರಡಬೇಕು. ಕಣಿವೆಯೊಳಗೆ ಹೊಕ್ಕ ಮೇಲೆ ಕೈಯಲ್ಲಿರುವ ದೂರವಾಣಿ ಬರಿಯ ಗಡಿಯಾರ.

ಇಷ್ಟೆಲ್ಲ ಜೋಡಿಸಿದ ಮೇಲೆ ಹೊರಡುವುದಕ್ಕೆ ತಿಂಗಳಿರುವಾಗಲೇ ತುಂಬಿದ ಚೀಲವನ್ನು ಹೊತ್ತು ಹತ್ತಿರದ ಬೆಟ್ಟವೊಂದರಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಎರಡು ಹಗಲು ನಡೆದು ನೋಡಬೇಕು. ಅದೇ ಹುರಿಹಿಟ್ಟನ್ನು ಕಲಸಿ ತಿನ್ನಬೇಕು, ಗುಡಾರವನ್ನು ಕತ್ತಲಲ್ಲಿ ಕಟ್ಟಿ ನೋಡಬೇಕು. ಊರಿನ ಬಳಿ ಕಂಡ ಕೊರತೆಗೆ ಅಂಗಡಿಯಿದೆ. ಮಾನ್‌ತಲಾಯಿಯಲ್ಲಿ ಕಂಡ ಕೊರತೆಯನ್ನು ಯಾರಾದರೊಬ್ಬರು ತಮ್ಮ ಪಾಲಿನಿಂದ ತುಂಬಿಕೊಡಬೇಕಾಗುತ್ತದೆ. ಒಬ್ಬನು ಕೈಗವಸು ತಾರದಿದ್ದರೆ ಇನ್ನೊಬ್ಬನ ಒಂದು ಕೈ ತಣ್ಣಗಾಗುತ್ತದೆ. ಬೆಟ್ಟದಲ್ಲಿ ಉದಾಸೀನದ ಬೆಲೆಯನ್ನು ತೆರುವವರು ಬಹುಮಟ್ಟಿಗೆ ಜೊತೆಗಾರರು.

ಎಲ್ಲವೂ ನೆಟ್ಟಗೆ ನಡೆದರೆ ಮುದ್ ಹಳ್ಳಿಯನ್ನು ಸೇರುವಾಗ ಚೀಲದಲ್ಲಿ ಮೂರು ವಸ್ತುಗಳು ಉಳಿದಿರುತ್ತವೆ. ಒಂದು, ದಾರಿಯುದ್ದಕ್ಕೂ ಎಸೆಯದೆ ಕೂಡಿಸಿ ತಂದ ಖಾಲಿ ಪೊಟ್ಟಣಗಳು. ಅವನ್ನು ಊರಿಗೇ ಒಯ್ಯಬೇಕು. ಎರಡು, ಮುಟ್ಟದೆ ಉಳಿದ ಔಷಧ. ಮೂರು, ಆಪತ್ತಿಗೆಂದು ಇಟ್ಟ ಎರಡು ದಿನದ ಬುತ್ತಿ. ಹತ್ತು ದಿನ ಸುಮ್ಮನೆ ಹೊತ್ತೆವಲ್ಲ ಎಂದು ಕೊನೆಯ ಎರಡನ್ನು ಹಳಿಯಬಾರದು. ಬಿಚ್ಚುವ ಸಂದರ್ಭ ಬಾರದೆ ಇದ್ದದ್ದೇ ಅವುಗಳ ಸಾರ್ಥಕ್ಯ. ಔಷಧ ಚೀಲದಲ್ಲಿರಲಿ. ಬುತ್ತಿಯನ್ನು ಮಾತ್ರ ಅಲ್ಲೇ ಬಿಚ್ಚಿ, ಮಾರ್ಗದರ್ಶಿಯನ್ನೂ ಹೊರೆಯಾಳುಗಳನ್ನೂ ಕರೆದು ಕೂರಿಸಿಕೊಂಡು, ನಮ್ಮ ರಾಗಿಯ ಹುರಿಹಿಟ್ಟನ್ನು ಬೆಲ್ಲ ತುಪ್ಪದಲ್ಲಿ ಕಲಸಿ ಹಂಚಿ ತಿನ್ನಬಹುದು. ತ್ಸಂಪಾ ತಿಂದು ಬೆಳೆದವರಿಗೆ ಅದರ ರುಚಿಯನ್ನು ವಿವರಿಸಿ ಹೇಳಬೇಕಾಗುವುದಿಲ್ಲ.

(ಬಾನುಲಿ ಭಾಷಣ)